ಜಿಲೇಬಿ ಮೀನಿನ ಸಂಸಾರವೂ ಕೆರೆಯ ಹಿತವೂ

ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗ ತಾಲೂಕುಗಳ ಎರೆನಾಡಿನಲ್ಲಿ ನೀರನ್ನು ನಿಲ್ಲಿಸಿಕೊಳ್ಳುವ ಉದ್ಯೋಗವು ಕಳೆದ ಐವತ್ತು ವರ್ಷಗಳಲ್ಲಿ ಬಹಳವಾಗಿ ಬೆಳೆದಿದೆ. ನವಿಲುತೀರ್ಥದ ಹತ್ತಿರ ಮಲಪ್ರಭೆಗೆ ಕಟ್ಟಿದ ಆಣೆಕಟ್ಟು ೧೯೭೦ರ ದಶಕದಲ್ಲಿ ಮುಗಿದು ರೇಣುಕಾಸಾಗರವು ಉಂಟಾಯಿತು. ೨೦೧೪ರಿಂದ ಕೃಷಿಭಾಗ್ಯ ಯೋಜನೆಯ ಮೂಲಕ ಮಳೆಯಾಶ್ರಯದ ಹೊಲಗಳಲ್ಲಿಯೂ ಕೃಷಿಹೊಂಡಗಳು ತೋಡಲ್ಪಟ್ಟವು. ನೀರು ನಿಂತ ಕಡೆಗೆ ಮೀನಿನ ವಿಚಾರವು ತಾನಾಗಿಯೇ ಬರುವದು. ಚಚಡಿಯ ಸುತ್ತಿನ ಊರುಗಳಲ್ಲಿ ಮೀನು ತಿನ್ನದ ಮನೆತನಗಳು ಅನೇಕವಾಗಿರುವವೆಂಬುದು ನಿಜ. ಆದರೆ ಕೆರೆಯ ಗುತ್ತಿಗೆಯ ಹಣವು ಊರಿನ ಹಣವಾದ್ದರಿಂದ, ಮೀನನ್ನು ಬಾಯಿಗೆ ಇಡದ ಹಿರಿಯರೂ ಕೆರೆಗೆ ಯಾವ ಮೀನು ಬೀಳುವದೆಂಬುದನ್ನು ಅರಿತಿರಬೇಕಾಗುವದು.

ಹೀಗೆ ಕೆರೆಗೆ ಬೀಳುವ ಮೀನುಗಳಲ್ಲಿ ಒಂದು ಮೀನಿನ ವಿಷಯವಾಗಿ ಇಲ್ಲಿ ಬರೆಯಬೇಕಾಗಿದೆ. ನಮ್ಮ ಸಂತೆಗಳಲ್ಲಿ ಇದಕ್ಕೆ ಜಿಲೇಬಿ ಮೀನು ಎನ್ನುವರು. ಪುಸ್ತಕಗಳಲ್ಲಿ ತಿಲಾಪಿಯ ಎಂಬ ಹೆಸರಿದೆ. ಇದನ್ನು ಯಾರೂ ಸಾಕಬೇಕಾಗಿಲ್ಲ, ತಾನೇ ಬೆಳೆಯುವದು, ಒಮ್ಮೆ ನಾಲ್ಕು ಮೀನು ಬಿಟ್ಟರೆ ಸಾಕು, ಮರು ವರ್ಷ ಮರಿ ಕೊಳ್ಳುವ ಖರ್ಚೂ ಇಲ್ಲ ಎಂದು ಇದನ್ನು ಮಾರುವವರು ಹೇಳುತ್ತಾರೆ. ಹೇಳಿದ್ದೆಲ್ಲವೂ ನಿಜ, ಕೆರೆಗೆ ಕೇಡಾಗುವದೂ ಈ ನಿಜದಿಂದಲೇ. ಅದು ಹೇಗೆಂಬುದನ್ನು ತಿಳಿಯಬೇಕಾದರೆ ಈ ಮೀನಿನ ಸಂಸಾರವನ್ನೂ, ಗಂಡು ಗಂಡುಗಳ ನಡುವಿನ ಜಗಳವನ್ನೂ ಸ್ವಲ್ಪ ತಾಳ್ಮೆಯಿಂದ ನೋಡಬೇಕು.

ಜಿಲೇಬಿ ಮೀನಿನ ಮೂಲಸ್ಥಾನವು ಆಫ್ರಿಕ ಖಂಡದ ಪೂರ್ವ ಮತ್ತು ಆಗ್ನೇಯ ಭಾಗದ ನದಿಗಳು. ಮೊಜಾಂಬಿಕ್ ದೇಶದ ಹೆಸರು ಇದಕ್ಕೆ ಅಂಟಿಕೊಂಡಿರುವದು ಅದರಿಂದಲೇ. ೧೯೩೦ರ ದಶಕದಲ್ಲಿ ಜಾವಾ ದ್ವೀಪದ ದಕ್ಷಿಣ ತೀರದಲ್ಲಿ ಮುಜಾಯಿರ ಎಂಬವನ ಕಣ್ಣಿಗೆ ಇದು ಬಿದ್ದಿತು. ಅಷ್ಟು ದೂರ ಹೇಗೆ ಬಂದಿತೆಂಬುದು ಇಂದಿಗೂ ಒಗಟೇ. ಅವನು ಅದನ್ನು ಹೊಂಡದಲ್ಲಿ ಸಾಕಿ ಹಬ್ಬಿಸಿದನು. ಆ ನಾಡಿನಲ್ಲಿ ಇಂದಿಗೂ ಮೀನಿಗೆ ಅವನ ಹೆಸರೇ ನಡೆದಿದೆ. ಭಾರತಕ್ಕೆ ಇದನ್ನು ತಂದದ್ದು ೧೯೫೨ರಲ್ಲಿ. ಬಡವರಿಗೆ ಅಗ್ಗದ ಆಹಾರವಾದೀತೆಂಬ ಸದುದ್ದೇಶದಿಂದಲೇ ತಂದರು. ಏಳು ವರ್ಷ ಕಳೆಯುವಷ್ಟರಲ್ಲಿ, ೧೯೫೯ರಲ್ಲಿ, ಭಾರತದ ಮೀನುಗಾರಿಕೆ ಸಂಶೋಧನಾ ಸಮಿತಿಯು ಇದನ್ನು ಮುಂದೆ ಹಬ್ಬಿಸಕೂಡದೆಂದು ನಿಷೇಧಿಸಬೇಕಾಯಿತು. ಅಷ್ಟರಲ್ಲಿ ಮೀನು ಕೆರೆಯಿಂದ ಕೆರೆಗೆ ದಾಟಿಬಿಟ್ಟಿತ್ತು. ಲೋಕದಲ್ಲಿ ಅತ್ಯಂತ ಕೇಡು ಮಾಡುವ ನೂರು ಪರದೇಶೀ ಜೀವಿಗಳ ಪಟ್ಟಿಯಲ್ಲಿ ಇಂದು ಇದರ ಹೆಸರಿದೆ. ವಿಚಿತ್ರವೇನೆಂದರೆ, ಆಫ್ರಿಕದ ತನ್ನ ತವರು ನದಿಗಳಲ್ಲಿ ಇದೇ ಮೀನು, ಅಲ್ಲಿಗೆ ತಂದು ಬಿಟ್ಟ ನೈಲ್ ನದಿಯ ತಿಲಾಪಿಯದೊಡನೆ ಬೆರಕೆಯಾಗಿ, ತನ್ನ ಶುದ್ಧ ಕುಲವನ್ನು ಕಳೆದುಕೊಳ್ಳುತ್ತಲಿದೆ.

ಈ ಮೀನು ಸಿಕ್ಲಿಡ್ ಎಂಬ ದೊಡ್ಡ ಮನೆತನಕ್ಕೆ ಸೇರಿದ್ದು. ಈ ಮನೆತನದಲ್ಲಿ ಹದಿನಾರು ನೂರಕ್ಕೂ ಮೇಲ್ಪಟ್ಟು ಜಾತಿಗಳಿವೆ. ಹೆಚ್ಚಿನವು ಆಫ್ರಿಕದಲ್ಲಿಯೂ ಅಮೇರಿಕದ ಮಧ್ಯ ಮತ್ತು ದಕ್ಷಿಣ ಭಾಗಗಳಲ್ಲಿಯೂ ಇರುವವು. ಭಾರತದ ಸ್ವಂತ ಜಾತಿಗಳು ಮೂರೇ ಮೂರು. ಒಂದು, ಕರಾವಳಿಯ ಹಿನ್ನೀರಿನ ಕರಿಮೀನು. ೨೦೧೦ರಲ್ಲಿ ಕೇರಳವು ಇದನ್ನು ತನ್ನ ರಾಜ್ಯದ ಮೀನೆಂದು ಸಾರಿತು. ಎರಡನೆಯದು, ಕರಿಮೀನಿಗಿಂತ ಚಿಕ್ಕದಾದ, ಕಿತ್ತಳೆ ಬಣ್ಣದ ಮೀನು. ಮೂರನೆಯದು ನಮ್ಮ ದಕ್ಷಿಣ ಕನ್ನಡದ ಸಿಹಿನೀರ ಹೊಳೆಗಳದು; ಫ್ರಾನ್ಸಿಸ್ ಡೇ ಎಂಬ ಪಂಡಿತನು ೧೮೭೭ರಲ್ಲಿ ಇದನ್ನು ವರ್ಣಿಸಿ ಕೆನರಾ ಎಂಬ ಹೆಸರನ್ನೇ ಕೊಟ್ಟನು. ಈ ಮೂರನೆಯದು ಈಗ ವಿರಳವಾಗಿದೆ.

ಈ ಮನೆತನದ ಮುಖ್ಯ ಲಕ್ಷಣವೇನೆಂದರೆ ಸಂತಾನದ ಪಾಲನೆ. ನಮ್ಮ ಕಾಟ್ಲಾ, ರೋಹು, ಮೃಗಾಲ ಮೀನುಗಳು ಲಕ್ಷಗಟ್ಟಲೆ ತತ್ತಿಗಳನ್ನು ಹರಿಯುವ ನೀರಿಗೆ ಚೆಲ್ಲಿ ಮುಂದೆ ಸಾಗುವವು. ತತ್ತಿ ಉಳಿಯಿತೋ ಅಳಿಯಿತೋ ಅವುಗಳಿಗೆ ಗೊತ್ತಿಲ್ಲ. ಸಿಕ್ಲಿಡ್ ಮನೆತನದವು ಹಾಗಲ್ಲ. ತತ್ತಿ ಕಡಿಮೆ, ಕಾವಲು ಹೆಚ್ಚು. ಕಾವಲು ಎಂದ ಮೇಲೆ ಒಂದು ಸ್ಥಳ ಬೇಕು. ಸ್ಥಳವೆಂದ ಮೇಲೆ ಸೀಮೆ ಬೇಕು. ಸೀಮೆ ಬಂದಲ್ಲಿ ತಂಟೆಯೂ ಬರುವದು. ಈ ಮೀನುಗಳ ಸಿಟ್ಟಿಗೆ ಕಾರಣವು ಅವುಗಳ ಮರಿಗಳ ಮೇಲಣ ಮೋಹವೇ ಎಂದು ಹೇಳಿದರೆ ತಪ್ಪಾಗಲಾರದು.

ಮೊದಲು ನಮ್ಮ ನಾಡಿನ ಜಾತಿಗಳನ್ನು ನೋಡುವಾ. ಕರಿಮೀನಿನಲ್ಲಿ ಗಂಡುಹೆಣ್ಣು ಜೋಡಿಯಾಗಿಯೇ ಸಂಸಾರ ಹೂಡುವವು. ಕಲ್ಲು, ಮುಳುಗಿದ ಕೋಲು, ತೆಂಗಿನ ಗರಿ ಇಂಥ ಗಟ್ಟಿಯಾದ ಒಂದು ಆಸರೆಯನ್ನು ಇವೆರಡೂ ಕೂಡಿ ಬಾಯಿಂದ ಶುಚಿಮಾಡುವವು. ಅದರ ಮೇಲೆ ಹೆಣ್ಣು ತತ್ತಿಗಳನ್ನು ಅಂಟಿಸುವದು. ಬಳಿಕ ಎರಡೂ ಸರದಿಯಿಂದ ರೆಕ್ಕೆ ಬೀಸಿ ತತ್ತಿಗಳಿಗೆ ಹೊಸ ನೀರನ್ನು ತಾಗಿಸುತ್ತ, ಕೆಟ್ಟ ತತ್ತಿಗಳನ್ನು ಆರಿಸಿ ತೆಗೆಯುತ್ತ ಕಾಯುವವು. ಮೂರು ನಾಲ್ಕು ದಿನಗಳಲ್ಲಿ ಮರಿಗಳು ಹೊರಬರಲು, ಮೊದಲೇ ತೋಡಿಟ್ಟ ಕುಳಿಗೆ ಅವನ್ನು ಬಾಯಿಯಲ್ಲಿ ಹೊತ್ತುಕೊಂಡು ಹೋಗಿ ಇಡುವವು. ಕಿತ್ತಳೆ ಬಣ್ಣದ ಮೀನಿನ ಪಾಲನೆ ಇನ್ನೂ ಆಪ್ತವಾದದ್ದು: ಮರಿಗಳು ತಾಯಿತಂದೆಗಳ ಮೈಗೆ ಬಾಯಿ ಹಚ್ಚಿ ಮೈಮೇಲಿನ ಲೋಳೆಯನ್ನು ತಿಂದು ಬೆಳೆಯುವವು. ಕೆಚ್ಚಲಿಲ್ಲದ ಪ್ರಾಣಿಯು ಮೊಲೆಯೂಡಿಸಿದಂತೆ ಇದು ತೋರುವದು.

ಇಂಥ ಜೋಡಿಗಳಲ್ಲಿ ಜಗಳವಿಲ್ಲವೇ ಎಂದು ವಾಚಕರು ಕೇಳಬಹುದು. ಜಗಳವಿದೆ; ಅದಕ್ಕೊಂದು ಕ್ರಮವೂ ಇದೆ. ಎದುರಾಳಿಗಳು ಮೊದಲು ರೆಕ್ಕೆಗಳನ್ನೆಲ್ಲ ನಿಗುರಿಸಿ, ಮಗ್ಗುಲಾಗಿ ನಿಂತು ತಮ್ಮ ಗಾತ್ರವನ್ನು ತೋರುವವು. ಅದಕ್ಕೂ ತೀರದಿದ್ದರೆ ಬಾಲದಿಂದ ನೀರನ್ನು ಎದುರಾಳಿಯ ಮೈಗೆ ಜೋರಾಗಿ ಬಡಿಯುವವು. ಅಲ್ಲಿಗೂ ಯಾರೂ ಹಿಂಜರಿಯದಿದ್ದರೆ ಬಾಯಿಗೆ ಬಾಯಿ ಕಚ್ಚಿ ಎಳೆದಾಡುವವು. ಸೋತದ್ದು ರೆಕ್ಕೆ ಮಡಚಿ, ಬಣ್ಣಗೆಟ್ಟು ಓಡುವದು. ಗೆದ್ದದ್ದು ತನ್ನ ಸೀಮೆಯ ಆಚೆಗೆ ಬಹಳ ದೂರ ಬೆನ್ನಟ್ಟುವದಿಲ್ಲ. ಹೊಳೆಯಲ್ಲಿ ಹೀಗೆ ಓಡಲು ಸ್ಥಳವುಂಟು, ಆದ್ದರಿಂದ ಜೀವಹಾನಿ ಅಪರೂಪ. ಗಾಜಿನ ತೊಟ್ಟಿಯಲ್ಲಿ ಓಡುವದಾದರೂ ಎಲ್ಲಿಗೆ? ಪೇಟೆಯ ಮನೆಗಳಲ್ಲಿ ಈ ಜಾತಿಯ ಬಣ್ಣದ ಮೀನುಗಳ ಜೋಡಿಯನ್ನು ಸಾಕುವವರು, ನಿನ್ನೆಯವರೆಗೆ ಕೂಡಿ ತತ್ತಿ ಕಾದ ಗಂಡು ಇಂದು ಹೆಣ್ಣನ್ನು ಕಡಿದು ಕೊಂದಿತೆಂದು ಅಚ್ಚರಿಪಡುವದುಂಟು.

ಈ ಸಂಗತಿಯನ್ನು ಆಸ್ಟ್ರಿಯದ ಪ್ರಾಣಿಶಾಸ್ತ್ರಜ್ಞನಾದ ಕಾನ್ರಾಡ್ ಲಾರೆಂಜನು ೧೯೬೩ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಚರ್ಚಿಸಿದ್ದಾನೆ. ೧೯೭೩ರಲ್ಲಿ ನೊಬೆಲ್ ಪಾರಿತೋಷಕದ ಪಾಲುಗಾರನಾದವನು ಇವನೇ. ಅವನ ಅಭಿಪ್ರಾಯದಂತೆ, ನೆರೆಹೊರೆಯಲ್ಲಿ ಬೇರೆ ಮೀನುಗಳಿದ್ದಾಗ ಗಂಡಿನ ಸಿಟ್ಟು ಸೀಮೆಯಾಚೆಯ ವೈರಿಯ ಮೇಲೆ ತಿರುಗುವದು. ಜೋಡಿಯನ್ನು ಒಂಟಿಯಾಗಿಟ್ಟರೆ ಅದೇ ಸಿಟ್ಟು ಹೆಂಡತಿಯ ಮೇಲೆ ಬೀಳುವದು. ೧೯೬೯ರಲ್ಲಿ ಆ್ಯನ್ ರಾಸಾ ಎಂಬ ವಿದುಷಿಯು ನಮ್ಮ ಕಿತ್ತಳೆ ಬಣ್ಣದ ಮೀನಿನ ಮೇಲೆಯೇ ಇದನ್ನು ಪರೀಕ್ಷಿಸಿದಳು. ಒಂಟಿಯಾಗಿಟ್ಟ ಜೋಡಿಗಳ ಸಂಸಾರವು ನೆರೆಯುಳ್ಳ ಜೋಡಿಗಳ ಸಂಸಾರದಷ್ಟು ಸಫಲವಾಗಲಿಲ್ಲ. ಆಣೆಕಟ್ಟಿನ ಹಿಂದೆ ನೀರು ತುಂಬುವಂತೆ ಸಿಟ್ಟು ಒಳಗೆ ತುಂಬಿ ಹೊರಗೆ ದಾರಿ ಹುಡುಕುವದೆಂಬ ಲಾರೆಂಜನ ಉಪಪತ್ತಿಯನ್ನು ಮುಂದೆ ಅನೇಕ ಪಂಡಿತರು ಒಪ್ಪಲಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಆದರೆ ನೆರೆಯವನು ಎದುರಿಗಿದ್ದಾಗ ಮನೆಯೊಳಗಿನ ಕಲಹ ತಗ್ಗುವದೆಂಬ ಮಾತು, ಹೊಲದ ಬದುವಿನ ತಂಟೆಗಳನ್ನು ಬಗೆಹರಿಸಿ ಬಲ್ಲ ನಮ್ಮ ಊರ ಹಿರಿಯರಿಗೆ ತೀರ ಹೊಸದೆನಿಸಲಿಕ್ಕಿಲ್ಲ. ತೊಟ್ಟಿಯಲ್ಲಿ ಜೋಡಿ ಸಾಕುವವರು ಒಂದು ಒಡೆದ ಗಡಿಗೆಯನ್ನು ಬೋರಲಾಗಿಟ್ಟು ಹೆಣ್ಣಿಗೆ ಮರೆ ಮಾಡಿಕೊಡುವದೂ, ಗಾಜಿನ ಆಚೆಗೆ ಇನ್ನೊಂದು ಜೋಡಿ ಕಾಣುವಂತೆ ಇಡುವದೂ ಈ ಕಾರಣದಿಂದಲೇ.

ಇನ್ನು ಜಿಲೇಬಿ ಮೀನಿಗೆ ಬರುವಾ. ಅದೇ ಮನೆತನದ್ದಾದರೂ ಇದು ಜೋಡಿಯ ಸಂಸಾರವನ್ನು ಬಿಟ್ಟಿದೆ. ಗಂಡು ಸೀಮೆ ಕಾಯುವದಷ್ಟೇ. ಸಂತಾನಪಾಲನೆಯ ಭಾರವೆಲ್ಲ ಹೆಣ್ಣಿನದು. ತತ್ತಿಯ ಕಾಲ ಬಂದಾಗ ಬಲವಾದ ಗಂಡಿನ ಮೈ ಕಪ್ಪಾಗಿ, ಗಂಟಲು ಬೆಳ್ಳಗಾಗಿ, ರೆಕ್ಕೆಗಳ ಅಂಚು ಕೆಂಪಾಗುವದು. ಅದು ಕೆರೆಯ ಅಂಚಿನ ತೆಳುನೀರಿನಲ್ಲಿ ಬಾಯಿಂದ ಮಣ್ಣನ್ನು ಅಗೆದು ಅಗೆದು ಉಗುಳಿ, ಬೋಗುಣಿಯಂಥ ದುಂಡು ಕುಳಿಯನ್ನು ಮಾಡುವದು. ಇಂಥ ಕುಳಿಗಳು ಒಂದರ ಪಕ್ಕ ಒಂದು ಹತ್ತಾರು ಇರುವವು. ಪ್ರತಿಯೊಂದಕ್ಕೂ ಒಬ್ಬ ಒಡೆಯ. ಬೇಸಿಗೆಯಲ್ಲಿ ನೀರು ಇಳಿದಾಗ ಕೆರೆಯ ಅಂಚಿನ ಕೆಸರಿನಲ್ಲಿ ಬುಟ್ಟಿ ಒತ್ತಿ ತೆಗೆದಂಥ ಗುರುತುಗಳು ಸಾಲಾಗಿ ಕಂಡರೆ, ಆ ಕೆರೆಯಲ್ಲಿ ಜಿಲೇಬಿ ಮೀನು ನೆಲೆಸಿದೆಯೆಂದು ತಿಳಿಯಬೇಕು. ಬಲೆ ಬೀಸದೆಯೇ ಸಿಗುವ ಸಾಕ್ಷಿ ಇದು.

ಕುಳಿಯ ಒಡೆಯರ ನಡುವೆ ಮೇಲೆ ಹೇಳಿದ ಕ್ರಮದಲ್ಲಿಯೇ ಕಾದಾಟಗಳು ನಡೆಯುವವು. ಬಲಿಷ್ಠವಾದ ಗಂಡು ಎದುರಾಳಿಯ ಮುಂದೆ ಪದೇ ಪದೇ ಮೂತ್ರವನ್ನು ವಿಸರ್ಜಿಸುವದೆಂದೂ, ಅದರ ವಾಸನೆಯಿಂದಲೇ ಎದುರಾಳಿಯು ಇದರ ಬಲವನ್ನು ಅಳೆಯುವದೆಂದೂ ಪೋರ್ತುಗಾಲದ ಶೋಧಕರು ಕಂಡುಕೊಂಡಿದ್ದಾರೆ. ಸೋತ ಗಂಡುಗಳು ಕಪ್ಪು ಬಣ್ಣವನ್ನು ಬಿಟ್ಟು ಹೆಣ್ಣಿನಂತೆ ಮಾಸಲು ಬಣ್ಣ ತಾಳಿ, ಕುಳಿಗಳ ಸುತ್ತ ಕಳ್ಳರಂತೆ ಸುಳಿದಾಡುವವು. ಹೆಣ್ಣು ಕುಳಿಗೆ ಬಂದು ತತ್ತಿಯಿಟ್ಟ ಕೂಡಲೆ ಅವನ್ನು ಬಾಯಿಯೊಳಗೆ ತೆಗೆದುಕೊಂಡು ಹೊರಟುಹೋಗುವದು. ಗಂಡು ಅಲ್ಲಿಯೇ ಉಳಿದು ಮುಂದಿನ ಹೆಣ್ಣಿನ ದಾರಿ ನೋಡುವದು.

ಹೆಣ್ಣಿನ ಬಾಯಿಯೇ ಇಲ್ಲಿ ತೊಟ್ಟಿಲು. ಸುಮಾರು ಮೂರು ವಾರಗಳವರೆಗೆ ತತ್ತಿಗಳೂ ಆಮೇಲೆ ಮರಿಗಳೂ ಅದರಲ್ಲಿ ಇರುವವು. ಆ ಕಾಲದಲ್ಲಿ ತಾಯಿಯು ಬಹುಮಟ್ಟಿಗೆ ಉಪವಾಸವೇ. ಮರಿಗಳು ಈಜಲು ಹೊರಬಿದ್ದ ಮೇಲೆಯೂ, ಅಪಾಯದ ಸುಳಿವು ಸಿಕ್ಕೊಡನೆ ತಾಯಿಯ ಬಾಯಿಗೆ ನುಗ್ಗುವವು. ಕಾಟ್ಲಾದ ಲಕ್ಷ ತತ್ತಿಗಳಲ್ಲಿ ಹೊಳೆಯ ಪಾಲಾಗದೆ ದೊಡ್ಡವಾಗುವವು ಕೆಲವೇ. ಜಿಲೇಬಿಯ ಕೆಲವು ನೂರು ತತ್ತಿಗಳಲ್ಲಿ ಹೆಚ್ಚಿನವು ಬದುಕುವವು. ತಾಯಿಯು ಮರಿಗಳನ್ನು ಬಿಟ್ಟು ಕೆಲವೇ ದಿನ ಮೇದು, ನೀರು ಬೆಚ್ಚಗಿದ್ದರೆ ಮತ್ತೆ ತತ್ತಿಗೆ ಬರುವದು. ನೀರಿನ ಉಷ್ಣವು ೨೦ ಡಿಗ್ರಿಗಿಂತ ಕೆಳಗಿಳಿದಾಗ ಮಾತ್ರ ಈ ಕೆಲಸ ನಿಲ್ಲುವದು. ನಮ್ಮ ಸೀಮೆಯಲ್ಲಿ ಅಂಥ ದಿನಗಳೆಷ್ಟೆಂಬುದು ಎಲ್ಲರಿಗೂ ಗೊತ್ತಿದೆ.

ಲೆಕ್ಕವನ್ನು ಸುಲಭಮಾಡಿ ನೋಡುವಾ. ಒಂದು ಹೆಣ್ಣು ಸಲಕ್ಕೆ ೨೦೦ ಮರಿಗಳಂತೆ ವರ್ಷಕ್ಕೆ ಐದು ಸಲ ಮರಿ ಮಾಡಿತೆನ್ನಿರಿ; ಸಾವಿರವಾದವು. ಹೊಂಡಕ್ಕೆ ಬಿದ್ದ ಹತ್ತು ಹೆಣ್ಣುಗಳಿಂದ ಹತ್ತು ಸಾವಿರ. ಇದರಲ್ಲಿ ಅರ್ಧ ಸತ್ತರೂ ಐದು ಸಾವಿರ ಉಳಿದವು. ಇಷ್ಟಕ್ಕೇ ಮುಗಿಯುವದಿಲ್ಲ. ಹೊಟ್ಟೆಗೆ ಸಾಲದ ಹೊಂಡದಲ್ಲಿ ಈ ಮೀನು ಮೂರು ತಿಂಗಳ ಪ್ರಾಯದಲ್ಲಿ, ಮೂರು ನಾಲ್ಕು ಅಂಗುಲದ ಗಾತ್ರಕ್ಕೇ ತತ್ತಿಯಿಡತೊಡಗುವದು. ಅಂದರೆ ವರ್ಷ ತುಂಬುವ ಮೊದಲೇ ಮೊಮ್ಮಕ್ಕಳೂ ಮೇವಿಗೆ ಬಂದು ನಿಲ್ಲುವವು. ನೀರು ಅಷ್ಟೇ, ಮೇವು ಅಷ್ಟೇ, ಬಾಯಿಗಳು ಮಾತ್ರ ನೂರ್ಮಡಿ. ಹೆಣ್ಣು ತಿಂದದ್ದು ತತ್ತಿಗೂ ಉಪವಾಸಕ್ಕೂ ವೆಚ್ಚವಾಗುವದು, ಗಂಡು ತಿಂದದ್ದು ಜಗಳಕ್ಕೆ. ಕೊನೆಗೆ ಬಲೆಗೆ ಬರುವವು ಅಂಗೈಯಷ್ಟೂ ಇಲ್ಲದ, ಮುಳ್ಳೇ ಹೆಚ್ಚಾದ ಮೀನುಗಳು. ಸಂತೆಯಲ್ಲಿ ಅವುಗಳನ್ನು ಕೇಳುವವರಿಲ್ಲ.

ಕಾಟ್ಲಾ, ರೋಹುಗಳ ಲೆಕ್ಕ ಬೇರೆ. ಇವು ನಿಂತ ನೀರಿನಲ್ಲಿ ತತ್ತಿಯಿಡುವದಿಲ್ಲ. ೧೯೫೭ರ ಜುಲೈ ೧೦ರಂದು ಹೀರಾಲಾಲ ಚೌಧುರಿ ಮತ್ತು ಅಲಿಕುಂಞಿ ಎಂಬವರು ಒರಿಸ್ಸಾದಲ್ಲಿ, ಮೀನಿನ ಮಿದುಳಿನ ಬುಡದ ಗ್ರಂಥಿಯ ರಸವನ್ನು ಚುಚ್ಚಿ ಈ ಮೀನುಗಳಿಂದ ತತ್ತಿ ಹಾಕಿಸುವ ವಿದ್ಯೆಯನ್ನು ಸಾಧಿಸಿದ ಮೇಲೆಯೇ ಬೇಕಾದಷ್ಟು ಮರಿ ದೊರೆಯತೊಡಗಿದವು. ಮರಿಯನ್ನು ಪ್ರತಿವರ್ಷ ಕೊಳ್ಳಬೇಕೆಂಬುದನ್ನು ನಮ್ಮ ಜನರು ಒಂದು ತೊಂದರೆಯೆಂದು ಎಣಿಸುವರು. ನಿಜವಾಗಿ ಅದು ಒಡೆಯನ ಕೈಯಲ್ಲಿರುವ ಲಗಾಮು. ಬಿಟ್ಟದ್ದು ಸಾವಿರವಾದರೆ ಸಾವಿರಕ್ಕೆ ಮೇಲಾಗುವದಿಲ್ಲ. ಚೆನ್ನಾಗಿ ನೋಡಿಕೊಂಡರೆ ಕಾಟ್ಲಾ ವರ್ಷದಲ್ಲಿ ಸುಮಾರು ಒಂದು ಕಿಲೋ ತೂಗುವದು. ಇಂಥ ಕೆರೆಯಲ್ಲಿ ಜಿಲೇಬಿ ಸೇರಿದರೆ ಸಣ್ಣ ಮರಿಗಳಿಗೂ ಮೇವಿಗೂ ಕುತ್ತು. ಸೇರಿಯೇ ಬಿಟ್ಟಿದ್ದರೆ ಕಾಟ್ಲಾ ರೋಹುಗಳ ಬೆರಳುದ್ದ ಬೆಳೆದ ಮರಿಗಳನ್ನೇ ಬಿಡಬೇಕು, ನೂಲಿನಂಥ ಮರಿಗಳನ್ನಲ್ಲ.

ಆದರೂ ಜಿಲೇಬಿಯನ್ನು ಬರಿದೇ ದೂಷಿಸುವದು ನ್ಯಾಯವಾಗಲಾರದು. ಗಾಳಿ ಕಡಿಮೆಯಾದ ನೀರಿನಲ್ಲಿಯೂ, ಸವಳು ನೀರಿನಲ್ಲಿಯೂ ಅದು ತಾಳುವದು. ಬೇರೆ ಮೀನು ಸಾಯುವಲ್ಲಿ ಇದು ಬದುಕುವದು. ಇದರ ದಾಯಾದಿಯಾದ ನೈಲ್ ನದಿಯ ತಿಲಾಪಿಯವನ್ನು ೧೯೮೮ರಿಂದ ಫಿಲಿಪೈನ್ಸ್ ದೇಶದಲ್ಲಿ ಆಯ್ದು ಆಯ್ದು ಸುಧಾರಿಸಿ ಗಿಫ್ಟ್ ಎಂಬ ತಳಿಯನ್ನು ಮಾಡಿದ್ದಾರೆ. ನಮ್ಮ ದೇಶದಲ್ಲಿ ನಿಬಂಧನೆಗಳಿಗೊಳಪಟ್ಟು ಇದರ ಸಾಕಣೆಗೆ ಅನುಮತಿಯುಂಟು. ಈ ಸಾಕಣೆಯ ಯುಕ್ತಿಗಳೆಲ್ಲವೂ ಮೇಲೆ ಹೇಳಿದ ಸಂಸಾರವನ್ನು ಕಟ್ಟಲಿಕ್ಕೆ ಬಿಡದಿರುವ ಯುಕ್ತಿಗಳೇ. ಮರಿಗಳಿಗೆ ಮೊದಲಿನ ಮೂರು ನಾಲ್ಕು ವಾರ ಗಂಡುಗೊಳಿಸುವ ರಸವನ್ನು ಬೆರೆಸಿದ ಆಹಾರ ಕೊಟ್ಟು, ಎಲ್ಲವೂ ಗಂಡಾಗುವಂತೆ ಮಾಡುವರು. ನೀರಿನಲ್ಲಿ ತೂಗುಬಿಟ್ಟ ಬಲೆಯ ಪಂಜರಗಳಲ್ಲಿ ಸಾಕಿದರೆ, ಇಟ್ಟ ತತ್ತಿಗಳು ಬಲೆಯ ಕಣ್ಣಿನಿಂದ ಜಾರಿ ಕೆಳಗೆ ಬೀಳುವವು. ಹೆಣ್ಣಿಗೆ ಬಾಯಿ ತುಂಬಿಕೊಳ್ಳಲು ಅವಕಾಶವಿಲ್ಲ. ಇನ್ನೊಂದು ಸಂಗತಿ ವಿಚಾರ ಮಾಡತಕ್ಕದ್ದು: ತೊಟ್ಟಿಯಲ್ಲಿ ಮೀನುಗಳನ್ನು ಒತ್ತಾಗಿ ತುಂಬಿದರೆ ಜಗಳ ಹೆಚ್ಚುವದೆಂದು ತೋರುವದಷ್ಟೆ, ಆದರೆ ಒಂದು ಮಿತಿಯನ್ನು ಮೀರಿ ತುಂಬಿದಾಗ ಯಾವ ಗಂಡಿಗೂ ಸೀಮೆ ಹಿಡಿಯಲು ಸಾಧ್ಯವಾಗದೆ ಜಗಳ ತಗ್ಗುವದು, ತತ್ತಿಯೂ ತಗ್ಗುವದು. ಇದಕ್ಕೆ ಗಾಳಿಯೂಡುವ ಯಂತ್ರವೂ ನೀರು ಬದಲಿಸುವ ಅನುಕೂಲವೂ ಬೇಕು. ಹೊಲದ ಹೊಂಡಕ್ಕೆ ಹೊಂದುವ ರೀತಿ ಅದಲ್ಲ.

ಆದಕಾರಣ ಸ್ವಂತ ಹೊಂಡದಲ್ಲಿ ತಿಲಾಪಿಯ ಸಾಕಲಿಚ್ಛಿಸುವ ಜಮೀನುದಾರರು ಮೊದಲು ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ, ಅನುಮತಿ ಪಡೆದು, ಖಾತ್ರಿಯಾದ ಸ್ಥಳದಿಂದ ಗಂಡುಮರಿಗಳನ್ನೇ ತರಬೇಕು. ಸಂತೆಯಲ್ಲಿ ಕೊಡದಲ್ಲಿ ತಂದು ಮಾರುವ ಮರಿಗಳನ್ನು ಕೊಳ್ಳಬಾರದು. ನೂರಕ್ಕೆ ನಾಲ್ಕೈದು ಹೆಣ್ಣು ಬೆರೆತಿದ್ದರೂ ಹೊಂಡ ಕೆಡುವದಕ್ಕೆ ಅಷ್ಟೇ ಸಾಕು. ತೂಬಿಗೂ ಹೆಚ್ಚಿನ ನೀರು ಹರಿಯುವ ಕೋಡಿಗೂ ಸಣ್ಣ ಕಣ್ಣಿನ ಜಾಳಿಗೆಯನ್ನು ಹಾಕಬೇಕು. ಹೊಂಡದ ನೀರು ಹಳ್ಳಕ್ಕೆ, ಹಳ್ಳದ ನೀರು ಮಲಪ್ರಭೆಗೆ ಸೇರುವದೆಂಬುದನ್ನು ಮರೆಯಬಾರದು. ಊರ ಕೆರೆಯ ಮಾತು ಬಂದಾಗ ನಮ್ಮ ಅಭಿಪ್ರಾಯ ಸ್ಪಷ್ಟವಾಗಿದೆ: ಅದಕ್ಕೆ ಯಾವ ಬಗೆಯ ತಿಲಾಪಿಯವನ್ನೂ ಬಿಡಬಾರದು. ಗುತ್ತಿಗೆಯ ಕರಾರಿನಲ್ಲಿಯೇ ಈ ಮಾತನ್ನು ಬರೆಯಿಸುವದು ಒಳ್ಳೆಯದು. ಗುತ್ತಿಗೆದಾರನು ಎರಡು ಮೂರು ವರ್ಷಕ್ಕೆ ಹೋಗುವನು, ಕೆರೆ ಊರಿನಲ್ಲಿಯೇ ಉಳಿಯುವದು. ಬೆಳಗಾವಿ, ಹುಬ್ಬಳ್ಳಿಗಳ ಅಂಗಡಿಗಳಲ್ಲಿ ದೊರೆಯುವ ಏಂಜಲ್, ಆಸ್ಕರ್ ಎಂಬ ಬಣ್ಣದ ಮೀನುಗಳೂ ಇದೇ ಸಿಕ್ಲಿಡ್ ಮನೆತನದವು. ತೊಟ್ಟಿಯಲ್ಲಿ ಜಗಳವಾಡಿದವೆಂದು ಬೇಸತ್ತು ಅವುಗಳನ್ನು ಕೆರೆಗೆ ಸುರುವುವದನ್ನೂ ತಡೆಯಬೇಕು.

ಜಿಲೇಬಿ ಈಗಾಗಲೇ ನೆಲೆಸಿರುವ ಕೆರೆ ಹೊಂಡಗಳಲ್ಲಿ ಬಲೆ ಬೀಸಿ ತೀರಿಸುತ್ತೇವೆಂಬುದು ವ್ಯರ್ಥ ಪ್ರಯತ್ನ. ಬಲೆಯಲ್ಲಿ ಸಿಕ್ಕ ಹೆಣ್ಣು ಗಾಬರಿಯಿಂದ ಬಾಯಿಯ ಮರಿಗಳನ್ನು ನೀರಿಗೆ ಉಗುಳುವದು; ತಾಯಿ ಬುಟ್ಟಿಗೆ, ಮರಿಗಳು ಕೆರೆಗೆ. ಹಾವಿನಂಥ ತಲೆಯುಳ್ಳ ಕೊರವ ಮೀನು ಇವುಗಳ ಮರಿಗಳನ್ನು ತಿಂದು ಸಂಖ್ಯೆಯನ್ನು ಒಂದಿಷ್ಟು ಹದದಲ್ಲಿಡುವದು, ಆದರೆ ಕಾಟ್ಲಾ ಮರಿಗಳನ್ನೂ ಅದು ಬಿಡುವದಿಲ್ಲ. ನಂಬತಕ್ಕ ಉಪಾಯವೆಂದರೆ ಬೇಸಿಗೆಯಲ್ಲಿ ನೀರನ್ನು ಪೂರ್ತಿ ತೆಗೆದು, ತಳದ ಎರೆಮಣ್ಣು ಬಿರಿಯುವವರೆಗೆ ಒಣಗಿಸುವದು. ಒಣಗಿಸಲು ಬಾರದ ಮಣ್ಣಿನ ಹೊಂಡಗಳಿಗೆ ಹಿಪ್ಪೆ ಹಿಂಡಿಯನ್ನು ಉಪಯೋಗಿಸುವರು. ೧೦೦ ಘನ ಮೀಟರು ನೀರಿಗೆ ಸುಮಾರು ೨೫ ಕಿಲೋ ಬೇಕಾಗುವದು. ಅದು ಮೊದಲು ವಿಷವಾಗಿದ್ದು, ಎರಡು ಮೂರು ವಾರಗಳ ತರುವಾಯ ಗೊಬ್ಬರವಾಗುವದು. ದನಕರು ನೀರು ಕುಡಿಯುವ ಹೊಂಡಕ್ಕೆ ಮಾತ್ರ ಇದನ್ನು ಹಾಕಲೇಬಾರದು. ಒಣಗಿಸುವಾಗ ತಗ್ಗುಗಳಲ್ಲಿ ಉಳಿದ ನೀರನ್ನು ಅಲಕ್ಷ್ಯ ಮಾಡುವದು ಎಲ್ಲರೂ ಮಾಡುವ ತಪ್ಪು. ಮೊಣಕಾಲುದ್ದದ ಒಂದು ತಗ್ಗಿನಲ್ಲಿ ಬಾಯಿತುಂಬ ಮರಿಗಳನ್ನು ಹಿಡಿದ ಒಂದೇ ಹೆಣ್ಣು ಉಳಿದರೂ ಮುಂದಿನ ದೀಪಾವಳಿಯೊಳಗೆ ಕೆರೆ ಮತ್ತೆ ಅದರದೇ ಆಗುವದು. ಆ ತಗ್ಗುಗಳ ನೀರನ್ನು ಕೊಡದಿಂದಲಾದರೂ ಮೊಗೆದು ಬರಿದು ಮಾಡಿಸಿ, ರೋಹಿಣಿ ಮಳೆಯ ಮೊದಲು ನೀರು ಬರುವ ಕಾಲುವೆಯ ಬಾಯಿಗೆ ಜಾಳಿಗೆ ಕಟ್ಟಿಸಬೇಕು.